ಏಳನೇ ಕ್ಲಾಸಿನ ಒಂದು ವಾರ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂದಲು ಹಣ್ಣು ಮಾಡಿಕೊಂಡವನಿಗೆ ಯಾವುದನ್ನು ನೋಡಿದರೂ ಜಮಾ-ಖರ್ಚಿನ ಲೆಕ್ಕವೇ ಕಣ್ಣಿಗೆ ಕಟ್ಟುತ್ತದೆ. ಮಕ್ಕಳ ಶಾಲೆಯ ವಿಷಯದಲ್ಲೂ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರನೇ ತರಗತಿಯಿಂದ ಎಂಟನೇ ತರಗತಿಯವರೆಗೆ ವರ್ಷಕ್ಕೆ ಕಡಿಮೆಯೆಂದರೂ 220 ದಿನ ಶಾಲೆ ನಡೆಯಬೇಕು, 1000 ಗಂಟೆ ಪಾಠವಾಗಬೇಕು. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು ನಾಲ್ಕೂವರೆ ಗಂಟೆ. ಮಗು ಎಚ್ಚರವಾಗಿರುವುದು ಹದಿನೈದು ಗಂಟೆ ಎಂದಿಟ್ಟುಕೊಳ್ಳೋಣ. ಉಳಿದ ಹತ್ತೂವರೆ ಗಂಟೆ ಯಾರ ಖಾತೆಗೆ ಸೇರಿದ್ದು? ಅಪ್ಪ-ಅಮ್ಮ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಅದು ನಮ್ಮಂಥ ಅಜ್ಜ-ಅಜ್ಜಿಯರ ಖಾತೆಗೇ ಬರುತ್ತದೆ.

ನಾವಿರುವುದು ಬೇಗೂರಿನಲ್ಲಿ. ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಸಿಕ್ಕಿಕೊಂಡ ಹಳೆಯ ಊರು. ಈಗ ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕ್ಯಾಬುಗಳು, ಇನ್ನೊಂದು ಕಡೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಸಂಜೆ ಐದಕ್ಕೆ ನಮ್ಮ ಮನೆಯ ಊಟದ ಮೇಜಿಗೆ ಇಬ್ಬರು ಮಕ್ಕಳು ಬಂದು ಕೂರುತ್ತಾರೆ. ಒಬ್ಬ ನನ್ನ ಮೊಮ್ಮಗ, ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ಇನ್ನೊಬ್ಬಳು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗಳು, ಸರ್ಕಾರಿ ಶಾಲೆ. ಅವಳ ಊರು ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರ. ಇಲ್ಲಿಗೆ ಬಂದು ಒಂದು ವರ್ಷವಾಯಿತು. ತಾಯಿ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಇಬ್ಬರೂ ಏಳನೇ ಕ್ಲಾಸು. ಪುಸ್ತಕ ಬೇರೆ ಬೇರೆ, ಪಾಠಗಳ ವಿಷಯ ಹೆಚ್ಚುಕಡಿಮೆ ಒಂದೇ.

ಹುಡುಗಿ ಓದಿನಲ್ಲಿ ಚುರುಕು, ಆದರೆ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಅವಳ ಮಾತಿನ ಧಾಟಿಗೆ ಜೊತೆಯ ಮಕ್ಕಳು ನಗುತ್ತಾರಂತೆ. ಅವಳ ಅಪ್ಪ ಒಮ್ಮೆ ಗೇಟಿನ ಹತ್ತಿರ, "ಈ ವರ್ಷ ಮುಗದ್ ಮ್ಯಾಲ ಊರಿಗೆ ಕಳಿಸಿಬಿಡ್ತೀನ್ರಿ ಸರ್, ಅವರಜ್ಜಿ ಹತ್ರ ಇರ್ತಾಳ. ಇಲ್ಲಿ ಖರ್ಚು ಭಾಳ ಐತ್ರಿ" ಅಂದಿದ್ದ. ಆ ಹಿನ್ನೆಲೆಯಲ್ಲಿ ಒಂದು ವಾರ ಈ ಇಬ್ಬರು ಶಾಲೆಯಿಂದ ಏನೇನು ಹೊತ್ತು ತಂದರು, ಅದು ನಮ್ಮ ಮೇಜಿನ ಮೇಲೆ ಏನಾಯಿತು ಎಂದು ನಾನು ದಿನವೂ ಹಳೆಯ ಡೈರಿಯಲ್ಲಿ ಬರೆದಿಟ್ಟೆ. ಅದರ ಸಾರ ಇಲ್ಲಿದೆ.

ಸೋಮವಾರ: ಮೂರು ರೂಪಾಯಿ ಬಡ್ಡಿ

ಇಬ್ಬರ ಕ್ಲಾಸಿನಲ್ಲೂ ಸರಳ ಬಡ್ಡಿ ನಡೆಯುತ್ತಿತ್ತು. ಅಸಲನ್ನು ದರದಿಂದಲೂ ವರ್ಷದಿಂದಲೂ ಗುಣಿಸಿ ನೂರರಿಂದ ಭಾಗಿಸು ಎಂಬ ಸೂತ್ರ. ಮೊಮ್ಮಗ ಗಳಿಗೆಯಲ್ಲಿ ಮುಗಿಸಿದ: 20,000 ರೂಪಾಯಿ ಅಸಲು, ವಾರ್ಷಿಕ ಶೇಕಡಾ 9, ಎರಡು ವರ್ಷ, ಬಡ್ಡಿ 3,600.

ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಕೇಳಿದಳು: "ಅಜ್ಜಾರ, ನಮ್ಮಪ್ಪ ಮೂರು ರೂಪಾಯಿ ಬಡ್ಡಿಗೆ ರೊಕ್ಕ ತಂದಾನ್ರಿ. ಒಂಬತ್ತಕ್ಕಿಂತ ಮೂರು ಕಮ್ಮಿ ಅಲ್ಲೇನ್ರಿ?"

ಮೊಮ್ಮಗ "ಹೌದು, ಮೂರು ಕಮ್ಮಿ" ಅಂದ. ನಾನು ಏನೂ ಹೇಳದೆ, ನೂರಕ್ಕೆ ಮೂರು ರೂಪಾಯಿ ಎಷ್ಟು ದಿನಕ್ಕೆ ಎಂದು ಕೇಳಿದೆ. ತಿಂಗಳಿಗೆ ಅಂದಳು. ಹಾಗಾದರೆ ವರ್ಷಕ್ಕೆ? ಇಬ್ಬರೂ ಬೆರಳು ಮಡಚಿದರು. ಹನ್ನೆರಡು ಮೂರಲೆ ಮೂವತ್ತಾರು. ಪುಸ್ತಕದ ಭಾಷೆಯಲ್ಲಿ ಹೇಳಿದರೆ ವಾರ್ಷಿಕ ಶೇಕಡಾ 36.

ಅವರಪ್ಪ ತಂದ ಸಾಲವೂ 20,000ವೇ. ಬಾಡಿಗೆ ರೂಮಿನ ಅಡ್ವಾನ್ಸಿಗೆ ತಂದದ್ದು. ಹುಡುಗಿಯೇ ಲೆಕ್ಕ ಮಾಡಿದಳು. ತಿಂಗಳಿಗೆ 600, ವರ್ಷಕ್ಕೆ 7,200. ಮೂವತ್ತನಾಲ್ಕು ತಿಂಗಳು ಬಡ್ಡಿ ಕಟ್ಟುವ ಹೊತ್ತಿಗೆ ಕಟ್ಟಿದ ದುಡ್ಡು ಅಸಲನ್ನು ದಾಟುತ್ತದೆ, ಅಸಲು ಮಾತ್ರ ಹಾಗೇ ಇರುತ್ತದೆ. ಅವಳು ಆ ಕೊನೆಯ ಸಾಲನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಳು.

ಮಕ್ಕಳೇ, ಇಲ್ಲಿ ಒಂದು ಉಪಾಯ ನೆನಪಿಡಿ. ಯಾರಾದರೂ ಬಡ್ಡಿಯ ದರ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, 'ಎಷ್ಟು ಕಾಲಕ್ಕೆ?' ತಿಂಗಳಿಗೆ ಎಂದರೆ ಹನ್ನೆರಡರಿಂದ ಗುಣಿಸಿ, ಆಮೇಲೆ ಹೋಲಿಸಿ. ಅತಿಯಾದ ಬಡ್ಡಿಯನ್ನು ತಡೆಯಲು ಕರ್ನಾಟಕದಲ್ಲಿ 2004ರಲ್ಲೇ ಕಾನೂನು ಬಂದಿದೆ. ಆದರೆ ಹನ್ನೆರಡರಿಂದ ಗುಣಿಸಲು ಬಾರದವನಿಗೆ ತಾನು ಅತಿಯಾದ ಬಡ್ಡಿ ಕಟ್ಟುತ್ತಿದ್ದೇನೆ ಎಂದೇ ತಿಳಿಯುವುದಿಲ್ಲ.

ಅದೇ ಹೊತ್ತಿಗೆ ನನ್ನ ಪಾಸ್‌ಬುಕ್ಕನ್ನೂ ತೋರಿಸಿದೆ. ನಾವು ಕೆಲಸದಲ್ಲಿದ್ದಾಗ ಉಳಿತಾಯ ಖಾತೆಯಲ್ಲಿ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. 25ಕ್ಕೆ ದುಡ್ಡು ತೆಗೆದರೆ ಇಡೀ ತಿಂಗಳ ಬಡ್ಡಿಗೆ ಪೆಟ್ಟು. 2010ರ ಏಪ್ರಿಲ್ 1ರಿಂದ ದಿನದಿನದ ಮೊತ್ತಕ್ಕೆ ಬಡ್ಡಿ ಹಾಕುವ ಪದ್ಧತಿ ಬಂತು. "ಅಂದ್ರ ಈಗ ಒಂದು ದಿನ ಇಟ್ರೂ ಬಡ್ಡಿ ಬರ್ತದೇನ್ರಿ?" ಎಂದು ಹುಡುಗಿ ಕೇಳಿದಳು. ಬರುತ್ತದೆ, ಅಷ್ಟಿಷ್ಟು ಪೈಸೆಯಾದರೂ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನ ನಿಯಮಕ್ಕೆ ಒಳಪಟ್ಟು ತಾವೇ ಸಹಿ ಮಾಡಿ ಖಾತೆ ನಡೆಸಬಹುದು ಎಂದಾಗ ಇಬ್ಬರ ಕಣ್ಣೂ ಅರಳಿತು.

ಮಂಗಳವಾರ: ಮನೆ ಹತ್ತಿರದ ಕಲ್ಲು

ಮೊಮ್ಮಗನ ಸಮಾಜ ವಿಜ್ಞಾನದ ಕ್ಲಾಸಿನಲ್ಲಿ ಇತಿಹಾಸದ ಆಧಾರಗಳ ಬಗ್ಗೆ ಚರ್ಚೆಯಾಗಿತ್ತು: ನಾಣ್ಯ, ಶಾಸನ, ತಾಳೆಗರಿ, ಕಟ್ಟಡ. ಕಟ್ಟುಕತೆಗೂ ಆಧಾರಕ್ಕೂ ಏನು ವ್ಯತ್ಯಾಸ ಎಂಬುದು ಮನೆಗೆ ಕೊಟ್ಟ ಪ್ರಶ್ನೆ. ಅವನು ಮೊಬೈಲಿನಲ್ಲಿ ಹುಡುಕಲು ಹೊರಟಿದ್ದ. ಬೇಗೂರಿನಲ್ಲಿದ್ದುಕೊಂಡು ಇದಕ್ಕೆ ಮೊಬೈಲು ಬೇಕೇ? ಇಬ್ಬರನ್ನೂ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ.

ಆ ದೇವಸ್ಥಾನದ ಆವರಣದಲ್ಲಿ ಒಂದು ಶಾಸನ ಇದೆ. ಸುಮಾರು ಕ್ರಿ.ಶ. 890ರ ಕಾಲದ್ದು, ಅಂದರೆ ತಲಕಾಡಿನ ಗಂಗರ ಕಾಲ. ಇಲ್ಲಿ ಆಗ ನಾಗತ್ತರ ಎಂಬ ಅಧಿಕಾರಿ ಇದ್ದ. ಅವನ ಕಡೆಯವರು 'ಬೆಂಗಳೂರಿನ ಕಾಳಗ'ದಲ್ಲಿ ಮಡಿದರು ಎಂಬ ಸುದ್ದಿ ಆ ಕಲ್ಲಿನ ಮೇಲಿದೆ. ಬೆಂಗಳೂರು ಎಂಬ ಊರಿನ ಹೆಸರನ್ನು ಹೇಳುವ ಹಳೆಯ ಶಾಸನ ಇದು.

ಈಗ ಲೆಕ್ಕ ಹಾಕಿ. ಕೆಂಪೇಗೌಡರು ಕೋಟೆ ಕಟ್ಟಿ ಪೇಟೆ ಬೆಳೆಸಿದ್ದು 1537ರಲ್ಲಿ ಎನ್ನುತ್ತಾರೆ. ಈ ಕಲ್ಲು ಅದಕ್ಕಿಂತ ಸುಮಾರು 650 ವರ್ಷ ಹಿಂದಿನದು. ವೀರಬಲ್ಲಾಳ ಬೇಟೆಗೆ ಬಂದು ದಾರಿತಪ್ಪಿದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಎಂಬ ಕತೆ ನಮಗೆಲ್ಲ ಗೊತ್ತು. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220. ಅವನು ಪಟ್ಟಕ್ಕೆ ಬರುವ ಹೊತ್ತಿಗೆ ಊರಿಗೆ ಈ ಹೆಸರು ಬಂದು ಮುನ್ನೂರು ವರ್ಷಕ್ಕೆ ಹತ್ತಿರವಾಗಿತ್ತು. ಕತೆ ಸೊಗಸಾಗಿದೆ, ಹೇಳೋಣ. ಆದರೆ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಕಲ್ಲಿನ ಮಾತಿಗೆ ಬೆಲೆ ಹೆಚ್ಚು. ಮೊಮ್ಮಗನ ಮನೆಗೆಲಸಕ್ಕೆ ಉತ್ತರ ಸಿಕ್ಕಿತು.

ಹುಡುಗಿ ಕಲ್ಲನ್ನೇ ನೋಡುತ್ತಾ ನಿಂತವಳು ಕೇಳಿದಳು: "ಜಗಳ ಯಾಕ ಆತು ಅಂತ ಬರ್ದಿಲ್ಲೇನ್ರಿ?" ಬರೆದಿಲ್ಲ. ಯಾರು ಸತ್ತರು, ಎಲ್ಲಿ ಸತ್ತರು ಎಂದಷ್ಟೇ ಇದೆ. ಕಲ್ಲು ಹೇಳಿದಷ್ಟನ್ನು ನಾವು ಹೇಳಬೇಕು, ಹೇಳದ್ದನ್ನು ಸೇರಿಸಬಾರದು. ಇದು ಇತಿಹಾಸದ ಮೇಷ್ಟ್ರುಗಳು ಹೇಳುವ ನಿಯಮ. ಬ್ಯಾಂಕಿನ ಲೆಡ್ಜರಿಗೂ ಇದೇ ನಿಯಮ: ವೋಚರ್ ಇಲ್ಲದೆ ಎಂಟ್ರಿ ಇಲ್ಲ.

ಆಮೇಲೆ ಹುಡುಗಿ ಮೆಲ್ಲಗೆ, "ನಮ್ಮೂರಾಗೂ ಒಂದು ಕಲ್ಲು ಐತ್ರಿ. ಗುಡ್ಡದ ಮ್ಯಾಲ. ನಮ್ಮ ಹಳೇ ಸಾಲಿ ಸರ್ ಕರ್ಕೊಂಡ್ ಹೋಗಿದ್ರು" ಅಂದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅವಳು ಹೇಳುತ್ತಿದ್ದದ್ದು ಮಸ್ಕಿಯ ಅಶೋಕನ ಶಾಸನ! 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆ. ಅದಕ್ಕೂ ಮೊದಲು ದೇಶದ ನಾನಾ ಕಡೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ದೊರೆಯ ಶಾಸನಗಳು ಸಿಕ್ಕಿದ್ದವು. ಆ ದೊರೆ ಅಶೋಕನೇ ಇರಬೇಕು ಎಂದು ಪಂಡಿತರು ಊಹಿಸಿದ್ದರು. ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಊಹೆಗೆ ಆಧಾರ ಸಿಕ್ಕಿತು.

"ನೋಡೋ," ಎಂದೆ ಮೊಮ್ಮಗನಿಗೆ, "ನಮ್ಮೂರ ಕಲ್ಲು ಬೆಂಗಳೂರಿನ ಹೆಸರು ಹೇಳ್ತು. ಇವಳ ಊರ ಕಲ್ಲು ಇಡೀ ದೇಶ ಆಳಿದ ಚಕ್ರವರ್ತಿಯ ಹೆಸರು ಹೇಳ್ತು."

ಬುಧವಾರ: ಅರಿಶಿನದ ಕಾಗದ

ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ. ಮೊಮ್ಮಗನ ಕ್ಲಾಸಿನಲ್ಲಿ ಸ್ಮಾರ್ಟ್ ಬೋರ್ಡಿನ ಮೇಲೆ ವಿಡಿಯೊ ತೋರಿಸಿದ್ದರು. ಹುಡುಗಿಯ ಕ್ಲಾಸಿನಲ್ಲಿ ಟೀಚರ್ ಮನೆಯಿಂದ ಅರಿಶಿನ ತಂದು, ನೀರಿನಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ ಹಂಚಿದ್ದರಂತೆ. ಅವಳ ಕಂಪಾಸ್ ಬಾಕ್ಸಿನಲ್ಲಿ ಇನ್ನೂ ನಾಲ್ಕು ಪಟ್ಟಿ ಇದ್ದವು.

ಒಂದರ ಮೇಲೆ ಸಾಬೂನಿನ ನೀರು ಬಿಟ್ಟಳು. ಹಳದಿ ಕಾಗದ ಕೆಂಪಗಾಯಿತು. ಅದೇ ಜಾಗಕ್ಕೆ ನಿಂಬೆರಸ ಬಿಟ್ಟಳು. ಮತ್ತೆ ಹಳದಿ. ಮೊಮ್ಮಗ ವಿಡಿಯೊದಲ್ಲಿ ಇದನ್ನೇ ನೋಡಿದ್ದನಾದರೂ ಬಾಯಿ ತೆರೆದು ನೋಡುತ್ತಿದ್ದ. ನಮ್ಮ ಮನೆಯವರು ಒಳಗಿನಿಂದ, "ಇದೇನು ಹೊಸದೇ? ಸಾರು ಚೆಲ್ಲಿದ ಷರಟಿಗೆ ಸೋಪು ಹಾಕಿದರೆ ಕೆಂಪಗಾಗಲ್ವೇ?" ಅಂದರು. ಅಡುಗೆಮನೆಯಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿದ್ದ ವಿಷಯಕ್ಕೆ ಈಗ ಹೆಸರು ಸಿಕ್ಕಿತು: ಅರಿಶಿನ ಒಂದು ಸೂಚಕ. ಸಾಬೂನು, ಸುಣ್ಣದ ನೀರು, ಅಡುಗೆ ಸೋಡ ಪ್ರತ್ಯಾಮ್ಲಗಳ ಗುಂಪು. ನಿಂಬೆ, ಹುಣಸೆ, ಮೊಸರು ಆಮ್ಲದ ಗುಂಪು.

ಮೊಮ್ಮಗನಿಗೂ ಹೇಳಲು ಒಂದಿತ್ತು. ಪ್ರಯೋಗಾಲಯದ ಲಿಟ್ಮಸ್ ಬಣ್ಣ ಎಲ್ಲಿಂದ ಬರುತ್ತದೆ ಗೊತ್ತೇ ಎಂದು ಕೇಳಿ, ಬಂಡೆ, ಮರಗಳ ಮೇಲೆ ಬೆಳೆಯುವ ಲೈಕೆನ್ ಎಂಬುದರಿಂದ ಎಂದ. ಲೈಕೆನ್ ಎಂದರೆ ಹುಡುಗಿಗೆ ತಿಳಿಯಲಿಲ್ಲ. ನಮ್ಮ ಮನೆಯವರು ಮಸಾಲೆ ಡಬ್ಬಿಯಿಂದ ಕಲ್ಲುಹೂವು ತಂದು ಮೇಜಿನ ಮೇಲಿಟ್ಟರು. ಅದೂ ಲೈಕೆನ್ನೇ, ಲಿಟ್ಮಸ್ ಕೊಡುವುದರ ದೂರದ ನೆಂಟ. "ಅಯ್ಯ, ಇದು ನಮ್ಮವ್ವ ಮಸಾಲಿಗೆ ಹಾಕ್ತಾಳ್ರಿ!" ಎಂದು ಅವಳು ಜೋರಾಗಿ ನಕ್ಕಳು. ನಮ್ಮ ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ಆ ದಿನದ ಕೊನೆಯ ಪ್ರಶ್ನೆ ಮೊಮ್ಮಗನದು. ಇರುವೆ ಕಚ್ಚಿದ ಜಾಗಕ್ಕೆ ಅಡುಗೆ ಸೋಡ ಹಚ್ಚುವುದು ಯಾಕೆ? ಉತ್ತರ ಹುಡುಗಿ ಹೇಳಿದಳು. ಇರುವೆ ಬಿಡುವುದು ಫಾರ್ಮಿಕ್ ಆಮ್ಲ; ಪ್ರತ್ಯಾಮ್ಲ ಸೇರಿದರೆ ಅದರ ಉರಿ ತಗ್ಗುತ್ತದೆ.

ಗುರುವಾರ: ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಹುಡುಗಿಯ ಕ್ಲಾಸಿನಲ್ಲಿ ತ್ಯಾಜ್ಯ ನೀರಿನ ಪಾಠ. ಮನೆಯಲ್ಲಿ ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆ ಬರೆದು ತರಬೇಕಿತ್ತು. ಮೊಮ್ಮಗನಿಗೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಶುದ್ಧೀಕರಣ ಘಟಕ ಇರುವುದೇ ತಿಳಿದಿರಲಿಲ್ಲ. ಹುಡುಗಿಗೆ ಗೊತ್ತಿತ್ತು, ಏಕೆಂದರೆ ಅವಳಪ್ಪ ರಾತ್ರಿ ಪಾಳಿಯಲ್ಲಿ ಅದರ ಮೋಟರ್ ಹಾಕುತ್ತಾನೆ. ಅವನೇ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ.

ಮೊದಲು ಸರಳುಗಳ ಜಾಲರಿ: ಚಿಂದಿ, ಪ್ಲಾಸ್ಟಿಕ್, ಕಡ್ಡಿ ಅಲ್ಲಿ ತಡೆಯುತ್ತದೆ. ಆಮೇಲೆ ನೀರು ನಿಧಾನವಾಗಿ ಹರಿದು ಮರಳು, ಕೆಸರು ತಳಕ್ಕೆ ಕೂರುತ್ತದೆ. ಮೂರನೆಯ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಗಾಳಿ ಸಿಕ್ಕರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಬೆಳೆದು ಕೊಳೆಯನ್ನು ತಿಂದು ಮುಗಿಸುತ್ತವೆ. ಮತ್ತೆ ತಳಕ್ಕೆ ಕೂತ ಕೆಸರು ತೆಗೆದರೆ ಮೇಲಿನ ನೀರು ಗಿಡಕ್ಕೆ, ಶೌಚಾಲಯಕ್ಕೆ ಬರುತ್ತದೆ. ಪುಸ್ತಕದ ಚಿತ್ರ ಹಿಡಿದುಕೊಂಡು ಇಬ್ಬರೂ ಒಂದೊಂದೇ ತೊಟ್ಟಿಗೆ ಟಿಕ್ ಹಾಕಿದರು. "ಮೋಟರ್ ನಿಂತ್ರ ಹುಳ ಸಾಯ್ತಾವ್ರಿ, ವಾಸನಿ ಬರ್ತದ" ಎಂದು ಅವಳಪ್ಪ ಹೇಳಿದ. ಗಾಳಿ ಯಾಕೆ ಬೇಕು ಎಂಬ ಪುಸ್ತಕದ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ಯಾರು ಕೊಟ್ಟಾರು? ಮಗಳು ಅದನ್ನು ಹಾಗೇ ಬರೆದುಕೊಂಡಳು.

ಅಲ್ಲಿಂದ ಬೇಗೂರು ಕೆರೆಯ ಏರಿಯ ಕಡೆ ನಡೆದೆವು. ಶುದ್ಧೀಕರಿಸದ ನೀರು ಕೆರೆಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಮಕ್ಕಳಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ. ಬೆಳ್ಳಂದೂರು ಕೆರೆಯ ನೊರೆಯನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಶುದ್ಧೀಕರಿಸಿದರೆ ಏನಾಗಬಹುದು ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧೀಕರಿಸಿದ ನೀರನ್ನು ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಕಳಿಸುವ ಯೋಜನೆ 2018ರಲ್ಲಿ ಶುರುವಾಯಿತು. ಅದರ ಗುರಿ ದಿನಕ್ಕೆ 44 ಕೋಟಿ ಲೀಟರ್. ಮೊಮ್ಮಗ ಅದನ್ನು 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಭಾಗಿಸಿದ. ದಿನಕ್ಕೆ 73,333 ಟ್ಯಾಂಕರ್! ನೀರಿನ ಟ್ಯಾಂಕರಿಗೆ ಕಾದು ಅಭ್ಯಾಸವಿರುವ ನಮ್ಮ ಬೀದಿಯ ಮಕ್ಕಳಿಗೆ ಆ ಅಂಕಿ ಚೆನ್ನಾಗಿ ಅರ್ಥವಾಗುತ್ತದೆ.

ಶುಕ್ರವಾರ: ಪಾಲು, ಹಾಲು

ಶುಕ್ರವಾರ ಇಬ್ಬರಿಗೂ ಕನ್ನಡ. ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಹೇಳುತ್ತದೆ. ಹಾಗಾಗಿ ಮೊಮ್ಮಗನಿಗೂ ಕನ್ನಡ ಪುಸ್ತಕ ಇದೆ. ಆದರೆ ಓದು ಮಾತ್ರ ಕುಂಟುತ್ತಾ ಸಾಗುತ್ತದೆ. ಹುಡುಗಿಯ ಕ್ಲಾಸಿನಲ್ಲಿ ಹಳಗನ್ನಡದ ಪದಗಳಿಗೆ ಹೊಸಗನ್ನಡದ ರೂಪ ಬರೆಯುವ ಅಭ್ಯಾಸ ಆಗಿತ್ತು. ಅವಳು ಪಟ್ಟಿ ಓದುತ್ತಾ ಹೋದಳು: ಪಾಲ್, ಪೂ, ಪುಲಿ, ಪಳ್ಳಿ.

"ಇದು ತಮಿಳಲ್ವಾ ತಾತ? ನಮ್ಮ ಎದುರು ಮನೆ ಆಂಟಿ ಹಾಲಿಗೆ ಪಾಲ್ ಅಂತಾರೆ" ಎಂದ ಮೊಮ್ಮಗ.

ಒಳ್ಳೆಯ ಪ್ರಶ್ನೆ. ಕನ್ನಡ, ತಮಿಳು, ತೆಲುಗು ಒಂದೇ ಮನೆಯ ಅಕ್ಕತಂಗಿಯರು. ಹಿಂದೆ ನಾವೂ ಪಾಲ್ ಎಂದೇ ಹೇಳುತ್ತಿದ್ದೆವು. ಕಾಲ ಕಳೆದಂತೆ ಕನ್ನಡದಲ್ಲಿ ಪದದ ಮೊದಲಿನ 'ಪ' ಎಷ್ಟೋ ಕಡೆ 'ಹ' ಆಯಿತು. ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳು, ತೆಲುಗು ಆ 'ಪ'ವನ್ನು ಉಳಿಸಿಕೊಂಡವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆ ಅಗೆಯುವಾಗ ಸುಮಾರು ಕ್ರಿ.ಶ. 750ರ ಶಾಸನವೊಂದು ಸಿಕ್ಕಿತು. ಅದರಲ್ಲಿ ಆ ಪ್ರದೇಶಕ್ಕೆ ಪೆರ್ಬೊಳಲ್ ನಾಡು ಎಂಬ ಹೆಸರಿದೆ. ಪೆರ್ ಎಂದರೆ ದೊಡ್ಡ, ಪೊಳಲ್ ಎಂದರೆ ಪಟ್ಟಣ. ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳಿನ 'ಹೆ' ಕೂಡ ಈ 'ಪೆರ್'ನ ಮನೆಯದೇ. ನಮ್ಮ ಬೇಗೂರೂ ಹಳೆಯ ಶಾಸನಗಳಲ್ಲಿ ಬೆಂಪೂರು.

ಆಗ ಮೊಮ್ಮಗ ಹುಡುಗಿಯ ಕಡೆ ತಿರುಗಿ, "ನೀನು ಯಾಕೆ ಬರಂಗಿಲ್ಲ, ಹೋಗಂಗಿಲ್ಲ ಅಂತ ತಪ್ಪು ಕನ್ನಡ ಮಾತಾಡ್ತೀಯ?" ಎಂದುಬಿಟ್ಟ. ಹುಡುಗಿ ತಲೆ ತಗ್ಗಿಸಿದಳು. ಕ್ಲಾಸಿನಲ್ಲಿ ನಗುವ ಮಕ್ಕಳೂ ಇದನ್ನೇ ಹೇಳಿರಬೇಕು.

ನಾನು ಅವನಿಗೆ ಬೈಯಲಿಲ್ಲ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದೆ. ನಾವು ಹೇಳುವುದು 'ಬರಲ್ಲ'. ಅವಳು ಹೇಳುವುದು 'ಬರಂಗಿಲ್ಲ'. ಪುಸ್ತಕದಲ್ಲಿರುವುದು 'ಬರುವುದಿಲ್ಲ'. "ಈಗ ಹೇಳು, ಪುಸ್ತಕದಲ್ಲಿರುವಂತೆ ಮಾತಾಡುವವರು ಯಾರು?" ಎಂದೆ. ಅವನು ಮೂರನ್ನೂ ಓದಿ ನೋಡಿ, "ಯಾರೂ ಇಲ್ಲ" ಎಂದ. ಅಷ್ಟೇ ವಿಷಯ. ಮೈಸೂರು ಕಡೆಯ ಕನ್ನಡ, ಮಂಗಳೂರು ಕಡೆಯ ಕನ್ನಡ, ಧಾರವಾಡದ ಕನ್ನಡ, ಕಲಬುರಗಿ-ರಾಯಚೂರಿನ ಕನ್ನಡ, ಎಲ್ಲವೂ ಮನೆಮನೆಯಲ್ಲಿ ಹುಟ್ಟಿ ಬೆಳೆದ ಮಾತುಗಳೇ. ಬರೆಯಲು ಎಲ್ಲರೂ ಕಲಿಯುವುದು ಪುಸ್ತಕದ ಕನ್ನಡ. ಅದನ್ನು ನಮ್ಮ ಮೇಜಿನಲ್ಲಿ ಯಾರು ಸಲೀಸಾಗಿ ಓದುತ್ತಾರೆ ಎಂದರೆ, ಆ ಹುಡುಗಿಯೇ. ಮಂಗಳವಾರ ದೇವಸ್ಥಾನದ ಹತ್ತಿರ ಬೋರ್ಡುಗಳನ್ನು ಅವನು ಅಕ್ಷರ ಕೂಡಿಸಿ ಕೂಡಿಸಿ ಓದುವಾಗ ತಡವರಿಸಿದಲ್ಲೆಲ್ಲ ಹೇಳಿಕೊಟ್ಟವಳು ಅವಳೇ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರಿ ಕಣೆ, ನಂಗೆ ಕನ್ನಡ ಓದೋದು ಹೇಳ್ಕೊಡ್ತೀಯಾ? ನಾನು ನಿಂಗೆ ಇಂಗ್ಲಿಷ್ ಹೇಳ್ಕೊಡ್ತೀನಿ" ಎಂದ. ಆ ಒಪ್ಪಂದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಶನಿವಾರ: ಬ್ಯಾಗ್ ಇಲ್ಲದ ದಿನ

ಶನಿವಾರ ಸರ್ಕಾರಿ ಶಾಲೆಗೆ ಬೆಳಗಿನ ಹೊತ್ತು ಮಾತ್ರ ತರಗತಿ. ತಿಂಗಳಿಗೊಂದು ಶನಿವಾರ ಮಕ್ಕಳು ಬ್ಯಾಗಿಲ್ಲದೆ ಹೋಗುತ್ತಾರೆ. ಆಟ, ಹಾಡು, ಚಟುವಟಿಕೆ, ಮಾತು. ಆ ವಾರ ಅದೇ ಶನಿವಾರ ಬಂದಿತ್ತು. ಒಬ್ಬೊಬ್ಬರು ತಮಗೆ ಗೊತ್ತಿರುವ ಒಂದು ಜಾಗದ ಬಗ್ಗೆ ಐದು ನಿಮಿಷ ಮಾತಾಡಬೇಕೆಂದು ಟೀಚರ್ ಹೇಳಿದ್ದರು. ಹುಡುಗಿ ಶುಕ್ರವಾರ ರಾತ್ರಿಯೇ, "ನಾ ಹೋಗಂಗಿಲ್ರಿ, ಜ್ವರ ಬಂದದ ಅಂತ ಹೇಳ್ತೀನ್ರಿ" ಎಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಆದರೆ ಮೊಮ್ಮಗ ಒಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಎರಡು ಕಲ್ಲುಗಳ ಚಿತ್ರ ಬರೆದು, ಒಂದರ ಕೆಳಗೆ ಬೇಗೂರು, ಇನ್ನೊಂದರ ಕೆಳಗೆ ಮಸ್ಕಿ ಎಂದು ಕನ್ನಡದಲ್ಲಿ, ತನ್ನ ಕೈಯಾರೆ ಬರೆದುಕೊಟ್ಟ. ಒತ್ತಕ್ಷರ ಸರಿಯಾಗಿತ್ತು.

ಅವಳು ಹೋದಳು. ಅಲ್ಲಿ ಏನಾಯಿತು ಎಂಬುದು ನನಗೆ ಗೊತ್ತಿರುವುದು ಅವಳ ಬಾಯಿಂದಲೇ. ಮೊದಲ ಮಾತಿಗೆ ಇಬ್ಬರು ನಕ್ಕರಂತೆ. ಅವಳು ನಿಲ್ಲಿಸಲಿಲ್ಲವಂತೆ. ಬೆಂಗಳೂರಿನ ಹೆಸರು ಬೆಂದಕಾಳಿನಿಂದ ಬಂದದ್ದಲ್ಲವೇ ಎಂದು ಒಬ್ಬ ಹುಡುಗ ಕೇಳಿದನಂತೆ. "ಅದು ಕತಿ. ಕಲ್ಲು ಅದಕ್ಕಿಂತ ಮುನ್ನೂರು ವರ್ಷ ಹಳೇದು. ಬೇಕಾದ್ರ ಹೋಗಿ ನೋಡು, ಇಲ್ಲೇ ಐತಿ" ಎಂದಳಂತೆ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಆ ಕಲ್ಲು ನೋಡಿದವರು ಕ್ಲಾಸಿನಲ್ಲಿ ಮೂವರೇ ಇದ್ದರಂತೆ. ಮುಂದಿನ ವಾರ ಎಲ್ಲರನ್ನೂ ಕರೆದುಕೊಂಡು ಹೋಗೋಣ, ನೀನೇ ವಿವರಿಸು ಎಂದು ಟೀಚರ್ ಹೇಳಿದರಂತೆ. ಇಷ್ಟು ಹೇಳುವಾಗ ಅವಳು ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ.

ಇನ್ನು ಸೋಮವಾರದ ಲೆಕ್ಕ. ಆ ಹಾಳೆಯನ್ನು ಅವಳು ಮನೆಗೆ ಒಯ್ದಿದ್ದಳು. ಅವಳಪ್ಪ ಮಾರನೆಯ ದಿನವೇ ನನ್ನ ಹತ್ತಿರ ಬಂದು, "ಮೂವತ್ತಾರು ಅಂತ ಬರ್ದಾಳ್ರಿ, ಖರೇನಾ?" ಎಂದು ಕೇಳಿದ್ದ. ಖರೆ ಎಂದೆ. ಅವನ ಹೆಂಡತಿ ಊರಿನಲ್ಲಿದ್ದಾಗಿನಂತೆ ಇಲ್ಲೂ ಒಂದು ಮಹಿಳಾ ಸ್ವಸಹಾಯ ಸಂಘದಲ್ಲಿ ವಾರವಾರ ದುಡ್ಡು ಕಟ್ಟುತ್ತಾಳೆ. ಅಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ವರ್ಷಕ್ಕೆ ಎಷ್ಟು ಎಂದು ಮಗಳೇ ಹೇಳಿದಳು, ಹನ್ನೆರಡು. ಆ ಸಾಲ ಸಿಕ್ಕರೆ 20,000ಕ್ಕೆ ವರ್ಷದ ಬಡ್ಡಿ 7,200 ಇದ್ದದ್ದು 2,400 ಆಗುತ್ತದೆ. ಸಂಘದ ಸಭೆ ಇನ್ನೂ ಆಗಬೇಕು, ಇವರ ಸರದಿ ಬರಬೇಕು. ಆದ್ದರಿಂದ ಹುಡುಗಿ ಮುಂದಿನ ವರ್ಷ ಬೇಗೂರಿನಲ್ಲೇ ಓದುತ್ತಾಳೆ ಎಂದು ನಾನು ಈಗಲೇ ಬರೆಯಲಾರೆ. ಊರಿಗೆ ಕಳಿಸುವ ಮಾತನ್ನು ಅವಳಪ್ಪ ಮತ್ತೆ ಎತ್ತಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಅಜ್ಜ-ಅಜ್ಜಿಯರಿಗೆ, ಮಕ್ಕಳಿಗೆ

ವಾರದ ಲೆಕ್ಕ ಕೂಡಿಸಿದಾಗ ನನಗೆ ಕಂಡದ್ದು ಇದು. ಪಾಠ ಹೇಳಿದ್ದು ಶಾಲೆಯ ಟೀಚರುಗಳು. ಆ ಕೆಲಸ ನಮ್ಮದಲ್ಲ, ನಮಗೆ ಅದು ಬರುವುದೂ ಇಲ್ಲ. ಮನೆಯಲ್ಲಿ ನಾವು ಮಾಡಿದ್ದು ಎರಡೇ ಕೆಲಸ. ಪಾಠಕ್ಕೆ ನಮ್ಮ ಊರಿನಲ್ಲಿ, ನಮ್ಮ ಮನೆಯಲ್ಲಿ ಏನು ಸಾಕ್ಷಿ ಇದೆ ಎಂದು ಹುಡುಕಿದ್ದು. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಲು ಬಿಟ್ಟದ್ದು. ಅಪ್ಪನ ಸಾಲ, ಅಮ್ಮನ ಮಸಾಲೆ ಡಬ್ಬಿ, ಊರ ಬಂಡೆ, ಮನೆಮಾತು, ಇವೆಲ್ಲ ಪಾಠಕ್ಕೆ ಬೇಕಾದವು ಎಂದು ತಿಳಿದ ಮೇಲೆ ಆ ಹುಡುಗಿಗೆ ಮಾತು ಬಂತು.

ಓದುಗ ಹಿರಿಯರೇ, ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುವ ಮೊದಲು, ಇವತ್ತು ಏನು ಹೇಳಿಕೊಟ್ಟರು, ನನಗೂ ಹೇಳಿಕೊಡು ಎಂದು ಕೇಳಿ. ಪಕ್ಕದ ಮನೆಯ, ಕೆಳಗಿನ ಮನೆಯ ಮಗುವನ್ನೂ ಕೂರಿಸಿಕೊಳ್ಳಿ. ಒಂದು ತಟ್ಟೆ ಅವಲಕ್ಕಿ ಹೆಚ್ಚು ಖರ್ಚಾದೀತು, ಅಷ್ಟೇ.

ಮಕ್ಕಳೇ, ಈ ವಾರ ನಿಮಗೆ ಮೂರು ಕೆಲಸ. ಒಂದು, ಅರಿಶಿನದ ಕಾಗದ ಮಾಡಿ, ಅಡುಗೆಮನೆಯ ಐದು ಪದಾರ್ಥಗಳನ್ನು ದೊಡ್ಡವರ ಎದುರಿಗೇ ಪರೀಕ್ಷಿಸಿ, ಪಟ್ಟಿ ಬರೆಯಿರಿ. ಎರಡು, ನಿಮ್ಮ ಮನೆಯಲ್ಲಿ ಯಾವುದಾದರೂ ಸಾಲ ಅಥವಾ ಉಳಿತಾಯ ಇದ್ದರೆ ಅಪ್ಪ-ಅಮ್ಮನನ್ನು ಕೇಳಿ ಅದರ ವಾರ್ಷಿಕ ಬಡ್ಡಿ ದರ ಲೆಕ್ಕ ಹಾಕಿ. ಮೂರು, ನಿಮ್ಮ ಊರಿನ ದೇವಸ್ಥಾನ, ಮಸೀದಿ, ಕೆರೆ ಏರಿ, ಹೊಲದ ಬದು, ಎಲ್ಲಿಯಾದರೂ ಅಕ್ಷರ ಕೆತ್ತಿದ ಹಳೆಯ ಕಲ್ಲು ಇದೆಯೇ ಎಂದು ಅಜ್ಜ-ಅಜ್ಜಿಯನ್ನು ಕರೆದುಕೊಂಡು ಹೋಗಿ ನೋಡಿ. ಸಿಕ್ಕರೆ ಅದರ ಮೇಲೆ ಬಣ್ಣ ಬಳಿಯಬೇಡಿ, ಕುಂಕುಮ, ಎಣ್ಣೆ ಹಚ್ಚಬೇಡಿ, ಏನನ್ನೂ ಗೀಚಬೇಡಿ. ಅದರ ಫೋಟೊ ತೆಗೆದು ನಿಮ್ಮ ಸಮಾಜ ವಿಜ್ಞಾನದ ಟೀಚರಿಗೆ ತೋರಿಸಿ.